ವಿಚ್ಛೇದನದ ನಂತರ ಮನೆ, ಒಡವೆ, ಸಾಲ: ದಾವೆ ಹೂಡಲು ಎಷ್ಟು ಕಾಲ ಉಳಿದಿದೆ?

ತುಂಗಾತೀರ (ಶಿವಮೊಗ್ಗ), ಆಗಸ್ಟ್ 2025

ಎಲ್ಲರಿಗೂ ನಮಸ್ಕಾರ. ನನ್ನ ವಿಚ್ಛೇದನದ ಡಿಕ್ರಿ 2024ರ ನವೆಂಬರಿನಲ್ಲಿ ಆಯಿತು. ನಾವು 2019ರ ಆರಂಭದಿಂದಲೇ ಬೇರೆಯಾಗಿದ್ದೆವು. ಆಸ್ತಿ ಮತ್ತು ಹಣದ ವಿಷಯವನ್ನು ವಿಚ್ಛೇದನದ ಅರ್ಜಿಯಲ್ಲಿ ನಾವಿಬ್ಬರೂ ಎತ್ತಿರಲಿಲ್ಲ. ಮೊದಲು ಒಂದು ಮುಗಿಯಲಿ, ಉಳಿದದ್ದನ್ನು ಆಮೇಲೆ ನೋಡೋಣ ಎಂದು ಮನೆಯ ಹಿರಿಯರು ಹೇಳಿದ್ದರು.

ಈಗ ನನ್ನ ಮುಂದೆ ನಾಲ್ಕು ಸಂಗತಿಗಳಿವೆ. ಬೆಂಗಳೂರಿನಲ್ಲಿ 2015ರಲ್ಲಿ ಇಬ್ಬರ ಹೆಸರಿನಲ್ಲಿ ಕೊಂಡ ಫ್ಲಾಟ್ ಇದೆ. ಅದರ ಗೃಹಸಾಲವೂ ಜಂಟಿಯಾಗಿಯೇ ಇದ್ದು, 2019ರ ಜೂನ್‌ನಿಂದ ಪ್ರತಿ ತಿಂಗಳ 5ರಂದು ಕಂತನ್ನು ನಾನೊಬ್ಬಳೇ ನನ್ನ ಸಂಬಳದ ಖಾತೆಯಿಂದ ಕಟ್ಟುತ್ತಿದ್ದೇನೆ. ನನ್ನ ಪತಿಯಾಗಿದ್ದವರ ವ್ಯಾಪಾರಕ್ಕೆಂದು 2017ರ ಆಗಸ್ಟ್ 10ರಂದು ಬ್ಯಾಂಕಿನ ಮೂಲಕ 6 ಲಕ್ಷ ರೂಪಾಯಿ ಕೈಸಾಲ ಕೊಟ್ಟಿದ್ದೆ. 2020ರ ಫೆಬ್ರವರಿ 20ರಂದು ಅವರು "ನಿನ್ನ ಆರು ಲಕ್ಷ ನನ್ನ ಮೇಲಿದೆ, ತೀರಿಸುತ್ತೇನೆ" ಎಂದು ಇಮೇಲ್ ಬರೆದಿದ್ದರು. ಮದುವೆಯಲ್ಲಿ ತವರಿನಿಂದ ಹಾಕಿದ ಒಡವೆಗಳು ಅತ್ತೆಯವರ ಮನೆಯಲ್ಲೇ ಉಳಿದಿವೆ. 2022ರ ಡಿಸೆಂಬರಿನಲ್ಲಿ ನನ್ನ ಅಣ್ಣ ಇಬ್ಬರು ಹಿರಿಯರೊಂದಿಗೆ ಹೋಗಿ ಕೇಳಿದಾಗ, ಕೊಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ ಕಳುಹಿಸಿದರು.

ಡಿಕ್ರಿಯಾದ ದಿನದಿಂದ ಮೂರು ವರ್ಷ ಕಾಲಾವಕಾಶ ಇರುತ್ತದೆ ಎಂದು ಒಬ್ಬರು, ಆಸ್ತಿ ಎಂದರೆ ಹನ್ನೆರಡು ವರ್ಷ ಎಂದು ಇನ್ನೊಬ್ಬರು ಹೇಳುತ್ತಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಸಿವಿಲ್ ವಕೀಲ, ಹಾಸನ

ಮೇಡಂ, ತಾವು ಕೇಳಿದ ಎರಡೂ ಮಾತುಗಳು ತಮ್ಮ ವಿಷಯದಲ್ಲಿ ಸರಿಯಲ್ಲ, ಮತ್ತು ಮೊದಲನೆಯದು ಅಪಾಯಕಾರಿ. ನಮ್ಮಲ್ಲಿ ಕಾಲಮಿತಿಯನ್ನು ನಿರ್ಧರಿಸುವುದು 1963ರ ಕಾಲಮಿತಿ ಕಾಯ್ದೆ. ಆ ಕಾಯ್ದೆಗೆ ವಿಚ್ಛೇದನದ ಡಿಕ್ರಿಯ ದಿನಾಂಕ ಮುಖ್ಯವಲ್ಲ. ಸಾಲ ಕೊಟ್ಟ ದಿನ, ಕಂತು ಕಟ್ಟಿದ ದಿನ, ಒಡವೆ ಕೇಳಿದಾಗ ಇಲ್ಲವೆಂದ ದಿನ, ಹೀಗೆ ಪ್ರತಿಯೊಂದು ಹಕ್ಕಿಗೂ ಅದರದೇ ಆದ ಆರಂಭದ ದಿನವಿದೆ. ವಿಚ್ಛೇದನದ ಪ್ರಕರಣ ಐದು ವರ್ಷ ನಡೆದರೆ ಆ ಐದು ವರ್ಷವೂ ಹಣದ ದಾವೆಯ ಕಾಲ ಓಡುತ್ತಲೇ ಇರುತ್ತದೆ. "ಮೊದಲು ಒಂದು ಮುಗಿಯಲಿ" ಎಂಬ ಹಿರಿಯರ ಮಾತನ್ನು ಕೇಳಿ ಕೂತು ಲಕ್ಷಾಂತರ ರೂಪಾಯಿ ಕಳೆದುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು ಸಂಗತಿ. ಕಾಲಮಿತಿ ಕಾಯ್ದೆಯ 3ನೇ ಕಲಮಿನ ಪ್ರಕಾರ, ಪ್ರತಿವಾದಿ ಆ ತಕರಾರು ಎತ್ತದೇ ಇದ್ದರೂ ಅವಧಿ ಮೀರಿದ ದಾವೆಯನ್ನು ನ್ಯಾಯಾಲಯ ವಜಾ ಮಾಡಲೇಬೇಕು.

ಲೆಕ್ಕ ಹಾಕುವ ಮೊದಲು ಎರಡು ಪ್ರಶ್ನೆ. ಡಿಕ್ರಿಯಲ್ಲಿ ಅಥವಾ ರಾಜಿಪತ್ರದಲ್ಲಿ "ಮುಂದೆ ಪರಸ್ಪರ ಯಾವ ಬಾಕಿಯೂ ಇಲ್ಲ" ಎಂಬ ಷರತ್ತಿಗೆ ತಾವು ಸಹಿ ಹಾಕಿದ್ದೀರಾ? ಮಾಜಿ ಪತಿ ಈ ಅವಧಿಯಲ್ಲಿ ಭಾರತದಲ್ಲೇ ಇದ್ದರೇ?

ಗಣೇಶಗುಡಿ ಓಣಿ (ಹುಬ್ಬಳ್ಳಿ)

ವಕೀಲರೇ, ತಡವಾದದ್ದಕ್ಕೆ ಸರಿಯಾದ ಕಾರಣ ಕೊಟ್ಟರೆ ನ್ಯಾಯಾಲಯ ವಿಳಂಬವನ್ನು ಮನ್ನಿಸುತ್ತದೆಯಲ್ಲವೇ? ನಮ್ಮ ಸಂಬಂಧಿಕರೊಬ್ಬರ ಮೇಲ್ಮನವಿಯಲ್ಲಿ ಇನ್ನೂರು ದಿನದ ವಿಳಂಬವನ್ನು ಮನ್ನಿಸಿದ್ದರು. ಮೇಡಂ ಇಷ್ಟು ಗಾಬರಿಯಾಗಬೇಕಾದ ಅಗತ್ಯವಿಲ್ಲ ಎಂದು ನನಗೆ ಅನ್ನಿಸುತ್ತದೆ.

ಸಿವಿಲ್ ವಕೀಲ, ಹಾಸನ

ತಾವು ಹೇಳಿದ್ದು ಮೇಲ್ಮನವಿಗೆ ಸರಿ, ದಾವೆಗೆ ಅಲ್ಲ. ವಿಳಂಬ ಮನ್ನಿಸುವ 5ನೇ ಕಲಂ ಮೇಲ್ಮನವಿಗಳಿಗೆ ಮತ್ತು ಅರ್ಜಿಗಳಿಗೆ ಮಾತ್ರ ಅನ್ವಯಿಸುತ್ತದೆ. ಮೂಲ ದಾವೆ ಒಂದು ದಿನ ತಡವಾದರೂ, ಕಾರಣ ಎಷ್ಟೇ ಕರುಣಾಜನಕವಾಗಿದ್ದರೂ, ಮನ್ನಿಸುವ ಅಧಿಕಾರ ನ್ಯಾಯಾಧೀಶರಿಗೆ ಇಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ನಿಶ್ಚಿಂತೆಯಿಂದ ಕುಳಿತವರು ಬಹಳ ಮಂದಿ.

ತುಂಗಾತೀರ

ಸರ್, ಅಂಥ ಷರತ್ತು ಇಲ್ಲ. ನಮ್ಮದು ಪರಸ್ಪರ ಒಪ್ಪಿಗೆಯ ವಿಚ್ಛೇದನವಲ್ಲ, ವಿಚಾರಣೆ ನಡೆದು ಆದದ್ದು. ಅವರು 2021ರ ಜುಲೈ 1ರಿಂದ 2023ರ ಜೂನ್ 30ರವರೆಗೆ ದುಬೈನಲ್ಲಿ ಕೆಲಸದಲ್ಲಿದ್ದರು. ಊರಿಗೆ ಬರಲು ರಜೆ ಸಿಗುವುದಿಲ್ಲ, ಆದ್ದರಿಂದ ವಿಡಿಯೊ ಮೂಲಕ ಸಾಕ್ಷ್ಯ ಹೇಳಲು ಅನುಮತಿ ಬೇಕು ಎಂದು 2022ರಲ್ಲಿ ಅದೇ ಪ್ರಕರಣದಲ್ಲಿ ಅಫಿಡವಿಟ್ ಹಾಕಿದ್ದರು. ಇದರಿಂದ ಏನಾದರೂ ಪ್ರಯೋಜನವಿದೆಯೇ?

ಸಿವಿಲ್ ವಕೀಲ, ಹಾಸನ

ಬಹಳ ಪ್ರಯೋಜನವಿದೆ. ತಮ್ಮ ಹಣದ ದಾವೆ ನಿಲ್ಲುವುದೂ ಬೀಳುವುದೂ ಬಹುಮಟ್ಟಿಗೆ ಆ ಅಫಿಡವಿಟ್ಟಿನ ಮೇಲೆಯೇ ಎಂದರೂ ತಪ್ಪಲ್ಲ. ಪ್ರತಿವಾದಿ ಭಾರತದ ಹೊರಗಿದ್ದ ಅವಧಿಯನ್ನು ಲೆಕ್ಕದಿಂದ ಬಿಡಬೇಕು ಎಂದು 15ನೇ ಕಲಮಿನ 5ನೇ ಉಪಕಲಂ ಹೇಳುತ್ತದೆ. ಜೊತೆಗೆ, ಕೋವಿಡ್ ಕಾರಣದಿಂದ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಹೊರಗಿಡಬೇಕೆಂದು ಸುಪ್ರೀಂ ಕೋರ್ಟು 2022ರ ಜನವರಿ 10ರಂದು ಆದೇಶಿಸಿತು. ತಮ್ಮ ವಿಷಯದಲ್ಲಿ ಈ ಎರಡೂ ಅವಧಿಗಳು ಒಂದರ ಮೇಲೊಂದು ಕೂತು, 2020ರ ಮಾರ್ಚ್ 15ರಿಂದ 2023ರ ಜೂನ್ 30ರವರೆಗೆ ಕಾಲ ನಿಂತಂತಾಗುತ್ತದೆ. ಒಟ್ಟು 1203 ದಿನ.

ಈಗ ಕೈಸಾಲ. ಸಾಲದ ಹಣಕ್ಕೆ ಮೂರು ವರ್ಷ, ಅದೂ ಸಾಲ ಕೊಟ್ಟ ದಿನದಿಂದ. "ಕೇಳಿದಾಗ ಕೊಡುತ್ತೇನೆ" ಎಂಬ ಸಾಲಕ್ಕೂ ಕೊಟ್ಟ ದಿನದಿಂದಲೇ ಎಣಿಕೆ, ಕೇಳಿದ ದಿನದಿಂದಲ್ಲ. ಆ ಪ್ರಕಾರ ತಮ್ಮ ಅವಧಿ 2020ರ ಆಗಸ್ಟ್ 10ಕ್ಕೆ ಮುಗಿಯಬೇಕಿತ್ತು. ಆದರೆ ಅವಧಿ ಮುಗಿಯುವ ಮೊದಲೇ ಸಾಲಗಾರ ಬರೆದು, ಸಹಿ ಮಾಡಿ ಸಾಲವನ್ನು ಒಪ್ಪಿಕೊಂಡರೆ, ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಇದು 18ನೇ ಕಲಂ. ಇಮೇಲ್ ಮೂಲಕ ಬಂದ ಒಪ್ಪಿಗೆಯೂ ಈ ಕಲಮಿಗೆ ಸಲ್ಲುತ್ತದೆ ಎಂದು ನಮ್ಮ ಕರ್ನಾಟಕ ಹೈಕೋರ್ಟೇ 2013ರಲ್ಲಿ ಸುದರ್ಶನ್ ಕಾರ್ಗೋ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ 2020ರ ಫೆಬ್ರವರಿ 20ರಿಂದ ಮೂರು ವರ್ಷ, ಅದರ ಮೇಲೆ 1203 ದಿನ: 2026ರ ಜೂನ್ ಮೊದಲ ವಾರದವರೆಗೆ ಬರುತ್ತದೆ. ಇಮೇಲ್ ಇಲ್ಲದಿದ್ದರೆ ಈ 6 ಲಕ್ಷ 2023ರ ಕೊನೆಗೇ ಕೈಬಿಟ್ಟು ಹೋಗಿರುತ್ತಿತ್ತು. ಆ ಇಮೇಲನ್ನು ಅಳಿಸಬೇಡಿ, ಇನ್ನೊಬ್ಬರಿಗೆ ಕಳುಹಿಸಿ ಅದನ್ನೇ ಮೂಲವೆಂದು ಇಟ್ಟುಕೊಳ್ಳಬೇಡಿ. ಬಂದ ಖಾತೆಯಲ್ಲೇ ಇರಲಿ. ಹಾಜರುಪಡಿಸುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ಇಮೇಲಿನಂಥ ವಿದ್ಯುನ್ಮಾನ ದಾಖಲೆಯನ್ನು ದೃಢೀಕರಿಸುವ ಪತ್ರ) ಬೇಕಾಗುತ್ತದೆ.

ಕಂತಿನ ವಿಷಯದಲ್ಲಿ ತಮಗೆ ತುರ್ತಿದೆ. ಅವರ ಪಾಲನ್ನೂ ತಾವು ಕಟ್ಟಿದ್ದರಿಂದ ಆ ಪಾಲನ್ನು ಕೇಳುವ ಹಕ್ಕು ಪ್ರತಿ ಕಂತು ಕಟ್ಟಿದ ದಿನವೇ ಹುಟ್ಟುತ್ತದೆ, ಪ್ರತಿ ಕಂತಿಗೂ ಪ್ರತ್ಯೇಕ ಮೂರು ವರ್ಷ. 2019ರ ಜೂನ್ 5ರ ಮೊದಲ ಕಂತಿಗೆ 1203 ದಿನ ಸೇರಿಸಿದರೂ ಅವಧಿ ಇದೇ ಸೆಪ್ಟೆಂಬರ್ 20ಕ್ಕೆ ಮುಗಿಯುತ್ತದೆ. ಅದರ ನಂತರದ್ದು ಅಕ್ಟೋಬರ್ 20ಕ್ಕೆ. ಹೀಗೆ ತಿಂಗಳಿಗೊಂದು ಕಂತು ಕೈಜಾರುತ್ತಾ ಹೋಗುತ್ತದೆ. 2020ರ ಏಪ್ರಿಲ್‌ನಿಂದ 2023ರ ಜೂನ್‌ವರೆಗೆ, ಅಂದರೆ ಕಾಲ ನಿಂತಿದ್ದಾಗ, ಕಟ್ಟಿದ ಅಷ್ಟೂ ಕಂತುಗಳ ಅವಧಿ 2026ರ ಜೂನ್ ಕೊನೆಗೆ ಒಟ್ಟಿಗೇ ಮುಗಿಯುತ್ತದೆ.

ಎಚ್ಚರಿಕೆ ಒಂದಿದೆ. ಇದೆಲ್ಲವೂ ಅವರು ಆ ಎರಡು ವರ್ಷ ಹೊರಗಿದ್ದರು ಎಂಬುದು ಸಾಬೀತಾದರೆ ಮಾತ್ರ. ನಡುವೆ ಅವರು ಭಾರತಕ್ಕೆ ಬಂದು ಹೋದ ದಿನಗಳನ್ನು ಮತ್ತೆ ಕಳೆಯಬೇಕಾಗುತ್ತದೆ. ಹೊರಗಿದ್ದದ್ದು ಸಾಬೀತಾಗದಿದ್ದರೆ, ಇಂದಿಗೆ ಹಿಂದಿನ ಮೂರು ವರ್ಷದ ಕಂತುಗಳು ಮಾತ್ರ ಉಳಿಯುತ್ತವೆ. ಅವರ ಅಫಿಡವಿಟ್ಟಿನ ದೃಢೀಕೃತ ನಕಲಿಗೆ ನಾಳೆಯೇ ಅರ್ಜಿ ಹಾಕಿ.

ನಿವೃತ್ತ ಬ್ಯಾಂಕ್ ಅಧಿಕಾರಿ, ಉಡುಪಿ

ಮೂವತ್ತಕ್ಕೂ ಹೆಚ್ಚು ವರ್ಷ ಸಾಲ ವಿಭಾಗದಲ್ಲಿದ್ದ ಅನುಭವದಿಂದ ಎರಡು ಮಾತು ಸೇರಿಸುತ್ತೇನೆ. ಜಂಟಿ ಸಾಲದಲ್ಲಿ ಬ್ಯಾಂಕಿಗೆ ಇಬ್ಬರೂ ಪೂರ್ಣ ಮೊತ್ತಕ್ಕೆ ಹೊಣೆ. ವಿಚ್ಛೇದನವಾಯಿತು, ಅರ್ಧ ನನ್ನದು ಅರ್ಧ ಅವರದು ಎಂಬ ವಾದ ಬ್ಯಾಂಕಿನ ಮುಂದೆ ನಡೆಯುವುದಿಲ್ಲ. ಗಂಡ-ಹೆಂಡಿರ ನಡುವಿನ ಡಿಕ್ರಿ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ, ಏಕೆಂದರೆ ಬ್ಯಾಂಕು ಆ ಪ್ರಕರಣದ ಪಕ್ಷಕಾರನೇ ಅಲ್ಲ. ಮೇಡಂ ಕಂತು ನಿಲ್ಲಿಸದೆ ಕಟ್ಟಿಕೊಂಡು ಬಂದದ್ದು ಅವರ ಸ್ವಂತ ಸಾಲದ ಇತಿಹಾಸವನ್ನೂ ಉಳಿಸಿದೆ.

ಆದರೆ ಸಾಲದ ಖಾತೆಯ ವಿವರಪಟ್ಟಿ ಒಂದೇ ಸಾಲದು; ಅದರಲ್ಲಿ ಕಂತು ಬಂದ ದಿನಾಂಕ ಇರುತ್ತದೆ, ಯಾರ ಹಣ ಎಂಬುದು ಇರುವುದಿಲ್ಲ. ತಮ್ಮ ಸಂಬಳದ ಖಾತೆಯ ಪಟ್ಟಿಯನ್ನೂ 2019ರಿಂದ ತೆಗೆಸಿ, ಶಾಖೆಯ ಮೊಹರು ಮತ್ತು ಸಹಿ ಹಾಕಿಸಿಕೊಳ್ಳಿ. ಹಳೆಯ ವರ್ಷಗಳ ಪಟ್ಟಿಗೆ ಕೆಲವು ಶಾಖೆಗಳು ಸಮಯ ಕೇಳುತ್ತವೆ, ಆದ್ದರಿಂದ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಜಂಟಿ ಉಳಿತಾಯ ಖಾತೆಯಿಂದ ಕಂತು ಹೋಗುತ್ತಿದ್ದವರ ಪಾಡು ಇದಕ್ಕಿಂತ ಕಷ್ಟ. ಆ ಖಾತೆಗೆ ಹಣ ಹಾಕಿದವರು ಯಾರು ಎಂಬುದನ್ನೂ ಅವರು ತೋರಿಸಬೇಕಾಗುತ್ತದೆ.

ತುಂಗಾತೀರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ಸೆಪ್ಟೆಂಬರ್ 20ರ ಮಾತು ಇದುವರೆಗೆ ನನಗೆ ಯಾರೂ ಹೇಳಿರಲಿಲ್ಲ. ಫ್ಲಾಟ್ ಮತ್ತು ಒಡವೆಗಳ ಬಗ್ಗೆಯೂ ತಿಳಿಸಬೇಕು. ಫ್ಲಾಟಿಗೂ ಇಷ್ಟೇ ಅವಸರ ಇದೆಯೇ?

ಸಿವಿಲ್ ವಕೀಲ, ಹಾಸನ

ಫ್ಲಾಟಿಗೆ ಇಲ್ಲ. ಕ್ರಯಪತ್ರ ಇಬ್ಬರ ಹೆಸರಿನಲ್ಲಿರುವ ತನಕ ತಾವು ಸಹಮಾಲೀಕರು, ವಿಚ್ಛೇದನದಿಂದ ಅದು ಬದಲಾಗುವುದಿಲ್ಲ. ಸಹಮಾಲೀಕರು ಯಾವಾಗ ಬೇಕಾದರೂ ಪಾಲು ಕೇಳಬಹುದು. ಒಬ್ಬರು ಇನ್ನೊಬ್ಬರ ಹಕ್ಕನ್ನೇ ಬಹಿರಂಗವಾಗಿ ನಿರಾಕರಿಸಿ ಹೊರಗಿಟ್ಟರೆ, ಆ ದಿನದಿಂದ ಹನ್ನೆರಡು ವರ್ಷದ ಎಣಿಕೆ ಶುರುವಾಗುತ್ತದೆ. ತಮಗೆ ಹೇಳಿದ ಹನ್ನೆರಡು ವರ್ಷದ ಮೂಲ ಇದು. ಪಾಲಿಕೆಯ ಆಸ್ತಿ ತೆರಿಗೆ ದಾಖಲೆಯಾದ ಖಾತೆ ಯಾರ ಹೆಸರಿಗಿದೆ ಎಂಬುದು ಮಾಲೀಕತ್ವವನ್ನು ನಿರ್ಧರಿಸುವುದಿಲ್ಲ. ಆದರೂ ಋಣಭಾರ ಪತ್ರವನ್ನು (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ) ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆಗಾಗ ತೆಗೆದು ನೋಡುತ್ತಿರಿ.

ಒಡವೆಗಳ ವಿಷಯ ಸ್ವಲ್ಪ ತೊಡಕಿನದು. ಸ್ತ್ರೀಧನ ಹೆಣ್ಣಿನ ಸ್ವಂತ ಆಸ್ತಿ, ಗಂಡನಾಗಲಿ ಅವನ ಮನೆಯವರಾಗಲಿ ಅದನ್ನು ಕಾಪಾಡುವವರು ಮಾತ್ರ ಎಂಬುದನ್ನು ಸುಪ್ರೀಂ ಕೋರ್ಟು 1985ರ ಪ್ರತಿಭಾ ರಾಣಿ ಪ್ರಕರಣದಿಂದಲೂ ಹೇಳುತ್ತಾ ಬಂದಿದೆ. 2015ರ ಕೃಷ್ಣಾ ಭಟ್ಟಾಚಾರ್ಜಿ ಪ್ರಕರಣದಲ್ಲಿ, ಸ್ತ್ರೀಧನವನ್ನು ಹಿಡಿದಿಟ್ಟುಕೊಳ್ಳುವುದು ಮುಂದುವರಿಯುತ್ತಲೇ ಇರುವ ಅಪರಾಧ, ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಅರ್ಜಿ ಅವಧಿ ಮೀರಿದ್ದೆಂದು ತಳ್ಳುವಂತಿಲ್ಲ ಎಂದಿತು. ಅದು ನ್ಯಾಯಿಕ ಪ್ರತ್ಯೇಕತೆಯ (ಮದುವೆ ಉಳಿದಿದ್ದು, ಬೇರೆ ಬಾಳಲು ನ್ಯಾಯಾಲಯ ಕೊಡುವ ಡಿಕ್ರಿ) ಪ್ರಕರಣ, ವಿಚ್ಛೇದನದ್ದಲ್ಲ ಎಂಬ ವಾದವನ್ನು ಎದುರು ಪಕ್ಷದವರು ಖಂಡಿತ ಎತ್ತುತ್ತಾರೆ. ಕೇರಳ ಹೈಕೋರ್ಟಿನ ಪೂರ್ಣಪೀಠ 2020ರಲ್ಲಿ, ಒಪ್ಪಿಸಿಟ್ಟ ಒಡವೆಗೆ ಗಂಡನು ವಿಶ್ವಸ್ತನಂತೆ, ಮದುವೆ ಮುರಿದರೂ ಆ ಹೊಣೆ ಮುಗಿಯದು, ಆದ್ದರಿಂದ ಕಾಲಮಿತಿ ಅಡ್ಡಬರದು ಎಂದಿದೆ. ನಮ್ಮ ನ್ಯಾಯಾಲಯಗಳಿಗೆ ಅದು ಮಾರ್ಗದರ್ಶಕ ಮಾತ್ರ, ಕಡ್ಡಾಯವಲ್ಲ.

ಹಾಗಾಗಿ ನನ್ನ ಸಲಹೆ: ದೊಡ್ಡ ತೀರ್ಪುಗಳನ್ನು ವಾದಕ್ಕೆ ಇಟ್ಟುಕೊಳ್ಳಿ, ದಿನಾಂಕದ ಲೆಕ್ಕವನ್ನು ಮಾತ್ರ ಅತಿ ಕಟ್ಟುನಿಟ್ಟಾಗಿ ಹಿಡಿಯಿರಿ. ಕೇಳಿದಾಗ ನಿರಾಕರಿಸಿದ ದಿನದಿಂದ ಮೂರು ವರ್ಷ ಎಂದು ಹಿಡಿದರೆ 2025ರ ಡಿಸೆಂಬರ್. ಅದರೊಳಗೆ ದಾವೆ ಹೂಡಿದರೆ ಯಾವ ತೀರ್ಪಿನ ಆಸರೆಯೂ ಬೇಕಾಗುವುದಿಲ್ಲ.

ಗಣೇಶಗುಡಿ ಓಣಿ (ಹುಬ್ಬಳ್ಳಿ)

ಇದೇ ಸಾಲಿನಲ್ಲಿ ನನ್ನ ತಮ್ಮನ ವಿಷಯವನ್ನೂ ಕೇಳುತ್ತೇನೆ. 2010ರಲ್ಲಿ ತನ್ನ ಸಂಬಳದ ಉಳಿತಾಯದಿಂದ ಹೆಂಡತಿಯ ಹೆಸರಿನಲ್ಲಿ ಧಾರವಾಡದಲ್ಲಿ ಸೈಟ್ ಕೊಂಡ. 2021ರಲ್ಲಿ ವಿಚ್ಛೇದನವಾಯಿತು. ಸೈಟ್ ತನ್ನದೇ ಎಂದು ಆಕೆ 2023ರ ಜನವರಿಯಲ್ಲಿ ವಕೀಲರ ಮೂಲಕ ಉತ್ತರ ಕೊಟ್ಟಿದ್ದಾರೆ. ಅದಾದ ಮೇಲೆ ಅವನು ಮತ್ತೆ ಮತ್ತೆ ನೋಟಿಸು ಕಳುಹಿಸುತ್ತಲೇ ಇದ್ದಾನೆ.

ಸಿವಿಲ್ ವಕೀಲ, ಹಾಸನ

ನೋಟಿಸು ಎಷ್ಟೇ ಕಳುಹಿಸಿದರೂ ಕಾಲಮಿತಿ ಒಂದು ದಿನವೂ ಹಿಗ್ಗುವುದಿಲ್ಲ. ಒಬ್ಬರ ಹಣದಿಂದ ಇನ್ನೊಬ್ಬರ ಹೆಸರಿನಲ್ಲಿ ಆಸ್ತಿ ಕೊಳ್ಳುವುದನ್ನು ತಡೆಯುವ ಬೇನಾಮಿ ಕಾಯ್ದೆಯಲ್ಲಿ, ವ್ಯಕ್ತಿಯೊಬ್ಬ ತನ್ನ ಗೊತ್ತಾದ ಆದಾಯದಿಂದ ಸಂಗಾತಿಯ ಹೆಸರಿನಲ್ಲಿ ಕೊಂಡದ್ದಕ್ಕೆ ವಿನಾಯಿತಿ ಇದೆ, ಆದ್ದರಿಂದ ದಾವೆಗೆ ದಾರಿ ಮುಚ್ಚಿಲ್ಲ. ಆದರೆ ಹಕ್ಕು ಘೋಷಣೆಯ ದಾವೆಗೆ ಮೂರು ವರ್ಷ, ಅದೂ ಹಕ್ಕನ್ನು ಮೊದಲ ಬಾರಿ ನಿರಾಕರಿಸಿದಾಗಿನಿಂದ. ಆ ಉತ್ತರವೇ ಮೊದಲ ನಿರಾಕರಣೆಯಾದರೆ 2026ರ ಜನವರಿ ಕೊನೆಯ ಗಡುವು. ಹಣ ಯಾರದ್ದು ಎಂಬುದರ ಜೊತೆಗೆ, ಅದು ಹೆಂಡತಿಗೆ ಕೊಟ್ಟ ಕೊಡುಗೆಯಾಗಿರಲಿಲ್ಲ ಎಂಬುದನ್ನೂ ತಮ್ಮ ತಮ್ಮನೇ ಸಾಬೀತುಪಡಿಸಬೇಕು, ಅದು ಸುಲಭವಲ್ಲ. ಕಂದಾಯ ಕಟ್ಟಿದ ರಸೀದಿ, ಮೂಲ ಕ್ರಯಪತ್ರ ಯಾರ ಬಳಿ ಇದೆ ಎಂಬುದು ಇಲ್ಲಿ ಮುಖ್ಯವಾಗುತ್ತದೆ.

ಮೆಲ್ಬರ್ನ್ ಕನ್ನಡಿಗ

ಆಸ್ಟ್ರೇಲಿಯಾದಲ್ಲಿರುವ ನಮ್ಮವರಿಗಾಗಿ ಒಂದು ಸೂಚನೆ. ಇಲ್ಲಿಯ ಕೌಟುಂಬಿಕ ಕಾಯ್ದೆಯಲ್ಲಿ ಆಸ್ತಿ ಹಂಚಿಕೆಯ ಅರ್ಜಿಗೆ ವಿಚ್ಛೇದನದ ಆದೇಶ ಜಾರಿಗೆ ಬಂದ ದಿನದಿಂದ 12 ತಿಂಗಳು ಮಾತ್ರ. ಮದುವೆಯಾಗದೆ ಒಟ್ಟಿಗೆ ಬಾಳಿದವರಿಗೆ ಬೇರೆಯಾದ ದಿನದಿಂದ ಎರಡು ವರ್ಷ. ತಡವಾದರೆ ತೀವ್ರ ತೊಂದರೆಯಾಗುವುದನ್ನು ತೋರಿಸಿ ನ್ಯಾಯಾಲಯದ ಅನುಮತಿ ಪಡೆಯಬೇಕು. ಇಲ್ಲಿ ಆಸ್ತಿ ಯಾರ ಹೆಸರಿನಲ್ಲಿದ್ದರೂ ನ್ಯಾಯಾಲಯ ಮರುಹಂಚಿಕೆ ಮಾಡಬಹುದು; ಊರಿನಲ್ಲಿ ಆ ಪದ್ಧತಿ ಇಲ್ಲ ಎಂಬುದು ವಕೀಲರ ಮಾತಿನಿಂದ ಸ್ಪಷ್ಟವಾಯಿತು. ಊರಿನ ಮೂರು ವರ್ಷ, ಹನ್ನೆರಡು ವರ್ಷದ ಲೆಕ್ಕವನ್ನೇ ನೆಚ್ಚಿಕೊಂಡು ಇಲ್ಲಿಯ 12 ತಿಂಗಳನ್ನು ಯಾರೂ ಕಳೆದುಕೊಳ್ಳಬಾರದು.

ಕೊಡಗಿನ ಓದುಗಿ

ನನ್ನ ಗೆಳತಿಗೆ ಜೀವನಾಂಶದ ಆದೇಶವಾಗಿ ಬಹಳ ಕಾಲವಾಯಿತು, ಹಣ ಬಂದಿಲ್ಲ. ಅದಕ್ಕೂ ಗಡುವು ಇದೆಯೇ?

ಸಿವಿಲ್ ವಕೀಲ, ಹಾಸನ

ಇದೆ, ಮತ್ತು ಬಹಳ ಚಿಕ್ಕದು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಅಡಿಯ ಆದೇಶವಾದರೆ, ಬಾಕಿ ವಸೂಲಿಗೆ ವಾರಂಟ್ ಕೇಳುವ ಅರ್ಜಿಯನ್ನು ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಎರಡು-ಮೂರು ವರ್ಷದ ಬಾಕಿಯನ್ನು ಒಟ್ಟುಮಾಡಿ ಹೋಗುವುದು ಬಹಳ ಹಾನಿಕರ. ವಿಚ್ಛೇದನದ ಡಿಕ್ರಿಯಲ್ಲೇ ಹಣ ಕೊಡಬೇಕೆಂದು ಬರೆದಿದ್ದರೆ, ಅದರ ಅಮಲ್ಜಾರಿಗೆ, ಅಂದರೆ ನ್ಯಾಯಾಲಯದ ಮೂಲಕ ಜಾರಿ ಮಾಡಿಸಲು, ಹನ್ನೆರಡು ವರ್ಷವಿದೆ. ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನ ಶಾಶ್ವತ ಜೀವನಾಂಶವನ್ನು ಡಿಕ್ರಿಯ ನಂತರವೂ ಕೇಳಬಹುದು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಲಿ, ಅಥವಾ 15100ಕ್ಕೆ ಕರೆ ಮಾಡಲಿ.

ತುಂಗಾತೀರ

ಸರ್, ಅಫಿಡವಿಟ್ಟಿನ ನಕಲಿಗೆ ಅರ್ಜಿ ಹಾಕಿದ್ದೇನೆ, ಬ್ಯಾಂಕಿನಲ್ಲೂ ಲಿಖಿತವಾಗಿ ಕೇಳಿದ್ದೇನೆ. ವಿಚ್ಛೇದನವಾದ ಮೇಲೂ ಕೌಟುಂಬಿಕ ನ್ಯಾಯಾಲಯಕ್ಕೇ ಹೋಗಬೇಕೇ, ಅಥವಾ ಸಿವಿಲ್ ನ್ಯಾಯಾಲಯಕ್ಕೇ? ತಪ್ಪು ನ್ಯಾಯಾಲಯಕ್ಕೆ ಹೋಗಿ ದಿನ ಕಳೆದುಕೊಳ್ಳುವ ಭಯ ನನಗೆ.

ಸಿವಿಲ್ ವಕೀಲ, ಹಾಸನ

ಕೌಟುಂಬಿಕ ನ್ಯಾಯಾಲಯಕ್ಕೇ. ದಂಪತಿಗಳ ಆಸ್ತಿಯ ವ್ಯಾಜ್ಯ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ, ವಿಚ್ಛೇದನವಾದವರಿಗೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 2003ರಲ್ಲಿ ಅಬ್ದುಲ್ ಜಲೀಲ್ ಪ್ರಕರಣದಲ್ಲಿ ಹೇಳಿದೆ. ಪ್ರಾಮಾಣಿಕವಾಗಿ ವ್ಯಾಪ್ತಿಯಿಲ್ಲದ ನ್ಯಾಯಾಲಯದಲ್ಲಿ ನಡೆಸಿದ ಕಾಲವನ್ನು 14ನೇ ಕಲಮಿನಡಿ ಬಿಡಿಸಿಕೊಳ್ಳಬಹುದು, ಆದರೆ ಅದನ್ನು ನಂಬಿ ಹೊರಡಬೇಡಿ.

ದಾವೆಪತ್ರ ಬರೆಸುವಾಗ ಒಂದನ್ನು ಮಾತ್ರ ತಾವೇ ಓದಿ ಖಚಿತಪಡಿಸಿಕೊಳ್ಳಿ. ಮೂರು ವರ್ಷ ಮೀರಿದಂತೆ ಕಾಣುವ ದಾವೆಯಲ್ಲಿ, ಯಾವ ಕಾರಣದಿಂದ ಅವಧಿ ಮೀರಿಲ್ಲ ಎಂಬುದನ್ನು ದಾವೆಪತ್ರದಲ್ಲೇ ಹೇಳಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 6ನೇ ನಿಯಮ ವಿಧಿಸುತ್ತದೆ. ಇಮೇಲಿನ ದಿನಾಂಕ, ದುಬೈಯಲ್ಲಿದ್ದ ಅವಧಿ, ಕೋವಿಡ್ ಆದೇಶ, ಈ ಮೂರಕ್ಕೂ ಪ್ರತ್ಯೇಕ ಪ್ಯಾರಾ ಇರಲಿ, ಕಂತುಗಳಿಗೆ ದಿನಾಂಕವಾರು ಪಟ್ಟಿ ಲಗತ್ತಿಸಿ. ಇದು ಇಲ್ಲದಿದ್ದರೆ ವಿಚಾರಣೆಗೂ ಮೊದಲೇ ದಾವೆಪತ್ರ ತಿರಸ್ಕೃತವಾಗುವ ಸಾಧ್ಯತೆ ಇದೆ.

ಸೆಪ್ಟೆಂಬರ್ 20 ಶನಿವಾರ. ಆ ದಿನಕ್ಕೆ ಇಟ್ಟುಕೊಳ್ಳಬೇಡಿ. ಶುಲ್ಕ ಕಡಿಮೆಯಾಯಿತು, ಸಹಿ ಬಿಟ್ಟುಹೋಯಿತು ಎಂದು ಕಚೇರಿಯವರು ಆಕ್ಷೇಪಣೆ ಹಾಕಿದರೆ ಸರಿಪಡಿಸಲು ದಿನಗಳು ಬೇಕಾಗುತ್ತವೆ. ಸೆಪ್ಟೆಂಬರ್ 10ರೊಳಗೆ ಸಲ್ಲಿಸಿ, ಸಲ್ಲಿಸಿದ ದಿನಾಂಕದ ಮೊಹರು ತಮ್ಮ ಪ್ರತಿಯ ಮೇಲೂ ಬೀಳುವಂತೆ ನೋಡಿಕೊಳ್ಳಿ. ಅಫಿಡವಿಟ್ಟಿನ ದೃಢೀಕೃತ ನಕಲು ಅಷ್ಟರೊಳಗೆ ಕೈಗೆ ಬರದಿದ್ದರೆ, ಅರ್ಜಿ ಹಾಕಿದ ಸ್ವೀಕೃತಿಯನ್ನು ಲಗತ್ತಿಸಿ, ಮೂಲ ಪ್ರಕರಣದ ಸಂಖ್ಯೆಯನ್ನು ನಮೂದಿಸಿ ದಾವೆ ಹೂಡಿ; ನಕಲನ್ನು ನಂತರ ಹಾಜರುಪಡಿಸಲು ಅನುಮತಿ ಕೇಳಬಹುದು.